ಎರೆನೆಲದಲ್ಲಿ ಒಣಗುವ ಹಸಿರು

ವರ್ಷಗಟ್ಟಲೆ ಹಸಿರಾಗಿ ನಿಂತ ದಾಸವಾಳವೋ ಕರಿಬೇವೋ ಎಂಟು-ಹತ್ತು ದಿನಗಳಲ್ಲಿ ಬಾಡಿ, ಕಂದಿದ ಎಲೆಗಳನ್ನು ಉದುರಿಸದೆಯೇ ಒಣಗಿಬಿಡುವುದು ನವಲಗುಂದ, ಅಣ್ಣಿಗೇರಿ, ಕುಂದಗೋಳ ಭಾಗದ ಹಿತ್ತಲುಗಳಲ್ಲಿ ಅಪರೂಪವೇನಲ್ಲ. ದೃಷ್ಟಿ ತಾಗಿತೆಂದೋ ಗೆದ್ದಲು ಹತ್ತಿತೆಂದೋ ಜನ ಕಾರಣ ಹುಡುಕುತ್ತಾರೆ; ಆದರೆ ಎಲೆ ಕಂದುವುದು ಈ ಸಾವಿನ ಕೊನೆಯ ಘಟ್ಟವಾಗಿದ್ದು, ಸಾವು ಬಹುಮಟ್ಟಿಗೆ ವಾರಗಳ, ಕೆಲವೊಮ್ಮೆ ತಿಂಗಳುಗಳ ಹಿಂದೆಯೇ ಬೇರಿನಲ್ಲಿ ಆರಂಭವಾಗಿರುತ್ತದೆ.

ಇಲ್ಲಿನ ಎರೆಮಣ್ಣಿನಲ್ಲಿ ಸ್ಮೆಕ್ಟೈಟ್ ಎಂಬ ಜೇಡಿ ಖನಿಜ ಹೇರಳವಾಗಿದೆ. ಅದರ ಪದರಗಳ ನಡುವೆ ನೀರು ಹೊಕ್ಕಾಗ ಮಣ್ಣು ಉಬ್ಬಿ ಗಾಳಿಯಾಡುವ ಸಂದುಗಳು ಮುಚ್ಚಿಹೋಗುತ್ತವೆ. ಬೇಸಿಗೆಯಲ್ಲಿ ಅದೇ ಮಣ್ಣು ಕುಗ್ಗಿ ಬಿರುಕುಬಿಟ್ಟು ಎಳೆಬೇರುಗಳನ್ನು ಹರಿದುಹಾಕುತ್ತದೆ. ಬೇರಿಗೂ ಉಸಿರಾಡಲು ಆಮ್ಲಜನಕ ಬೇಕಾದ್ದರಿಂದ, ಮಳೆಗಾಲದಲ್ಲಿ ನೀರು ದಿನಗಟ್ಟಲೆ ನಿಂತರೆ ಅದು ಉಸಿರುಗಟ್ಟಿ ಸಾಯುತ್ತದೆ. ಈ ಸೀಮೆಯ ಒಕ್ಕಲುತನ ಇದನ್ನು ಬಹುಕಾಲದಿಂದ ಬಲ್ಲದು: ಬಿಳಿಜೋಳ, ಕಡಲೆ, ಕುಸುಬಿಗಳು ಮಳೆಯ ಆರ್ಭಟ ಇಳಿದ ಮೇಲೆ ಬಿತ್ತಿ, ನೆಲದೊಳಗಿನ ಹಸಿಯ ಮೇಲೆ ಬೆಳೆಯುವ ಹಿಂಗಾರಿನ ಬೆಳೆಗಳು. ಹಿತ್ತಲ ಗಿಡಕ್ಕೆ ಮಾತ್ರ ಅಂಥ ಬಿಡುವಿಲ್ಲ. ಅದು ಮುಂಗಾರನ್ನೂ ಅದೇ ನೆಲದಲ್ಲಿ ನಿಂತೇ ಕಳೆಯಬೇಕು.

ಉಸಿರುಗಟ್ಟಿದ ಬೇರಿಗೆ ಫೈಟಾಫ್ತೊರಾ ಎಂಬ, ಶಿಲೀಂಧ್ರವನ್ನು ಹೋಲುವ ಸೂಕ್ಷ್ಮಜೀವಿ ಸುಲಭವಾಗಿ ಅಂಟುತ್ತದೆ. ಮೈಸೂರು ಸಂಸ್ಥಾನದಲ್ಲಿ ಕೃಷಿವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಪ್ರಕಟಿಸಿದ ಅಡಿಕೆಯ ಕೊಳೆರೋಗದ ಅಧ್ಯಯನವೂ ಇದೇ ಕುಲದ ಜೀವಿಯ ಬಗೆಗಿನದು. ಇದರ ಬೀಜಕಣಗಳು ನೀರಿನಲ್ಲಿ ಈಜಬಲ್ಲವು. ಎಂದೇ ಮಣ್ಣಿನಲ್ಲಿ ನಿಂತ ನೀರು ಅವುಗಳಿಗೆ ದಾರಿಯಾಗುತ್ತದೆ. ಮೋಡ ಕವಿದ ತಂಪು ಹವೆಯಲ್ಲಿ ಎಲೆಗೆ ಹೆಚ್ಚು ನೀರು ಬೇಕಿಲ್ಲದ ಕಾರಣ ಅರ್ಧ ಬೇರು ಸತ್ತರೂ ಗಿಡ ಹಸಿರಾಗಿಯೇ ತೋರುತ್ತದೆ. ಸೀಗೆ ಹುಣ್ಣಿಮೆಯ ಆಸುಪಾಸಿನಲ್ಲಿ ಆಕಾಶ ತಿಳಿಯಾಗಿ ಒಣಗಾಳಿ ಬೀಸತೊಡಗಿದಾಗ ಎಲೆಯ ನೀರಿನ ಬೇಡಿಕೆ ಏರುತ್ತದೆ; ಅಳಿದುಳಿದ ಬೇರು ಅದನ್ನು ಪೂರೈಸಲಾರದು.

ಬಾಡಿದ ಗಿಡ ಕಂಡೊಡನೆ ಕೊಡಗಟ್ಟಲೆ ನೀರು ಸುರಿಯುವ ಕಾಳಜಿಯೇ ಆಗ ಅದರ ಪಾಲಿಗೆ ಮುಳುವಾಗುತ್ತದೆ. ನೀರು ಹಾಕುವ ಮೊದಲು ಗೇಣುದ್ದ ಮಣ್ಣು ಬಗೆದು ಬೇರನ್ನು ನೋಡಬೇಕು. ಆರೋಗ್ಯವಂತ ಎಳೆಬೇರು ಬೆಳ್ಳಗೆ ಗಟ್ಟಿಯಾಗಿರುತ್ತದೆ. ಕೊಳೆತದ್ದನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಕಂದು ಸಿಪ್ಪೆ ಕಳಚಿ ಕೈಗೆ ಬಂದು ನಡುವಿನ ನಾರಷ್ಟೇ ಉಳಿಯುತ್ತದೆ. ಬುಡದ ತೊಗಟೆಯನ್ನು ಉಗುರಿನಿಂದ ಕೆರೆದಾಗ ಸುತ್ತಲೂ ಕಂದೇ ಕಂಡರೆ ಆ ಗಿಡ ಉಳಿಯುವ ಭರವಸೆ ಇಲ್ಲ.

ಮಲಪ್ರಭಾ ಕಾಲುವೆಯ ಆಸುಪಾಸಿನಲ್ಲಿ ಸವಳೂ ಸೇರಿಕೊಳ್ಳುತ್ತದೆ: ನೀರು ಆವಿಯಾದಂತೆ ಲವಣ ಮೇಲ್ಮಣ್ಣಿನಲ್ಲಿ ಉಳಿದು, ಎಲೆಯ ಅಂಚು ಮೊದಲು ಸುಟ್ಟಂತಾಗುತ್ತದೆ.

ಎರೆಯಲ್ಲಿ ಆಳವಾದ ಗುಂಡಿ ತೋಡಿ ಅದರಲ್ಲಿ ಕೆಂಪು ಮಣ್ಣು, ಗೊಬ್ಬರ ತುಂಬುವ ರೂಢಿಯನ್ನು ಕೈಬಿಡುವುದೇ ಲೇಸು. ಸುತ್ತಲಿನ ಜೇಡಿ ನೀರನ್ನು ಬಿಟ್ಟುಕೊಡದ್ದರಿಂದ ಆ ಗುಂಡಿ ದನಗಳ ನೀರಿನ ಬಾನಿಯಂತಾಗಿ, ಮೇಲೆ ಸುರಿದದ್ದೆಲ್ಲ ಅದರಲ್ಲೇ ನಿಲ್ಲುತ್ತದೆ. ಕಲಘಟಗಿಯ ಮಸಾರಿ ನೆಲದಲ್ಲಿ ನೀರು ಬಸಿದುಹೋಗುವುದರಿಂದ ನಡೆಯುವ ಈ ಪದ್ಧತಿ ನವಲಗುಂದದಲ್ಲಿ ನಡೆಯದು. ಇಲ್ಲಿ ಮೊಣಕಾಲೆತ್ತರದ ಅಗಲವಾದ ದಿಬ್ಬ ಮಾಡಿ, ಬುಡದ ಕುತ್ತಿಗೆಗೆ ಮಣ್ಣು ಏರಿಸದೆ ಗಿಡ ನೆಟ್ಟು, ಮಳೆನೀರು ಹರಿದುಹೋಗಲು ಸಣ್ಣ ಕಾಲುವೆ ತೆಗೆಯಬೇಕು. ರೋಗದ ಬೀಜಕಣಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲವಾದ್ದರಿಂದ, ಸತ್ತ ಗಿಡವನ್ನು ಬೇರುಸಹಿತ ಕಿತ್ತು ಸುಟ್ಟು, ಹೊಸದನ್ನು ಬೇರೆ ಜಾಗದಲ್ಲಿ ನೆಡಬೇಕು.