ಕರಾವಳಿಯ ಹೊಸ ಮನೆಗಳಿಗೆ ಎಂತಹ ವಾಯುಸಂಚಾರ ನಿಯಮ ಬೇಕು?

ಜೂನ್ ತಿಂಗಳು ಕಳೆಯುವಷ್ಟರಲ್ಲಿ ಕಪಾಟಿನ ಬಟ್ಟೆಗೂ, ಚಪ್ಪಲಿಗೂ, ಗೋಡೆಯ ಮೂಲೆಗೂ ಬೂಷ್ಟು ಹಿಡಿಯುವುದು ಮಂಗಳೂರು, ಉಡುಪಿಗಳ ಹೊಸ ವಸತಿ ಸಮುಚ್ಚಯಗಳಲ್ಲಿ ಸಾಮಾನ್ಯ ದೂರಾಗಿದೆ. ಫ್ಯಾನಿನ ಮೂಲಕ ಒಳಗಾಳಿಯನ್ನು ಹೊರದೂಡಿ ಹೊರಗಾಳಿಯನ್ನು ತರುವ ಯಾಂತ್ರಿಕ ವಾಯುಸಂಚಾರವನ್ನು ಹೊಸ ಮನೆಗಳಿಗೆ ಕಡ್ಡಾಯಗೊಳಿಸಬೇಕೆಂಬ ವಾದವು ಫ್ಯಾನು, ಪೈಪು, ಗ್ರಿಲ್ ಮಾರುವ ನಮ್ಮವರಿಗೆ ಹಿತವಾಗಿಯೇ ಕೇಳಿಸುತ್ತದೆ. ಆದರೂ ಇಂತಹ ನಿಯಮವನ್ನು ಪರದೇಶದಿಂದ ಇದ್ದಂತೆಯೇ ತರುವುದು ತಪ್ಪೆಂದು ನನ್ನ ಅಭಿಪ್ರಾಯ.

ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಆರಂಭಿಸಿದ ಹೆಂಚಿನ ಉದ್ಯಮವು ಈ ಊರಿಗೆ ವ್ಯಾಪಾರವನ್ನಷ್ಟೇ ಅಲ್ಲ, ಉಸಿರಾಡುವ ಮಾಡನ್ನೂ ಕೊಟ್ಟಿತು. ಅಡುಗೆಮನೆಯ ಹಬೆ ಹೆಂಚಿನ ಸಂದುಗಳಿಂದ ತಾನಾಗಿ ಹೊರಹೋಗುತ್ತಿತ್ತು. ಈಗಿರುವುದು ಕಾಂಕ್ರೀಟಿನ ಚಾವಣಿ, ಬಿಗಿಯಾದ ಚೌಕಟ್ಟು, ಅರ್ಧ ಮಾತ್ರ ತೆರೆಯುವ ಜಾರುಕಿಟಕಿ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಪ್ರಕಟಿಸಿದ ಇಕೋ ನಿವಾಸ ಸಂಹಿತೆಯು ಬೆಚ್ಚಗಿನ ತೇವದ ಪ್ರದೇಶಗಳ ಮನೆಗಳಲ್ಲಿ ತೆರೆಯಬಲ್ಲ ಭಾಗವು ಕಾರ್ಪೆಟ್ ವಿಸ್ತೀರ್ಣದ ಕನಿಷ್ಠ ಶೇ. 16.66ರಷ್ಟಿರಬೇಕೆನ್ನುತ್ತದೆ. ಸಾವಿರ ಚದರಡಿಗೆ ಇದು ಸುಮಾರು 167 ಚದರಡಿ. ಬಾಲ್ಕನಿಯ ಬಾಗಿಲನ್ನು ಸೇರಿಸಿಕೊಂಡರೂ ಜಾರುಕಿಟಕಿಗಳಿಂದ ಇಷ್ಟನ್ನು ತುಂಬಿಸುವುದು ಕಷ್ಟ.

ಅಮೆರಿಕದ ಮಾದರಿ ವಸತಿ ಸಂಹಿತೆಯು 2012ರ ಆವೃತ್ತಿಯಲ್ಲಿ ಗಾಳಿ ಸೋರದಂತೆ ಕಟ್ಟಿದ ಹೊಸ ಮನೆಗಳಿಗೆ ಯಾಂತ್ರಿಕ ವಾಯುಸಂಚಾರವನ್ನು ಕಡ್ಡಾಯಗೊಳಿಸಿತು. ಚಳಿಯ ನಾಡಿನಲ್ಲಿ ಇದು ಸರಿಯೇ. ಅಲ್ಲಿನ ಚಳಿಗಾಲದ ಹೊರಗಾಳಿಯಲ್ಲಿ ನೀರಿನಂಶ ಅತ್ಯಲ್ಪ. ನಮ್ಮ ಮಳೆಗಾಲದ ಲೆಕ್ಕವೇ ಬೇರೆ. 25 ಡಿಗ್ರಿ ಉಷ್ಣತೆ, ಶೇ. 90 ಆರ್ದ್ರತೆ ಇರುವಾಗ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 21 ಗ್ರಾಂ ನೀರಾವಿ ಇರುತ್ತದೆ. ಅದೇ ಉಷ್ಣತೆಯಲ್ಲಿ ಶೇ. 60 ಆದರೆ 14 ಗ್ರಾಂ. ಅಮೆರಿಕದ ಆಶ್ರೇ ಸಂಸ್ಥೆಯ 62.2 ಮಾನಕದ ಸೂತ್ರದಂತೆ ಎರಡು ಮಲಗುವ ಕೋಣೆಗಳ ಸಾವಿರ ಚದರಡಿ ಮನೆಗೆ ನಿಮಿಷಕ್ಕೆ ಸುಮಾರು 52 ಘನ ಅಡಿ, ಅಂದರೆ ದಿನಕ್ಕೆ 2,100 ಘನ ಮೀಟರಿಗೂ ಹೆಚ್ಚು ಹೊರಗಾಳಿ ಬೇಕು. ಒಳಗೆ ಶೇ. 60 ಕಾಯ್ದುಕೊಳ್ಳಬೇಕೆಂದರೆ ಈ ಗಾಳಿಯೊಂದಿಗೆ ಬರುವ ಹೆಚ್ಚುವರಿ ನೀರು ದಿನಕ್ಕೆ ಸರಿಸುಮಾರು 15 ಲೀಟರ್! ಹಣ ತೆತ್ತು ಮಳೆಯನ್ನು ಒಳಗೆ ಕರೆದಂತೆ. ಇದನ್ನು ಏರ್ ಕಂಡೀಷನರ್ ಹೀರೀತೆನ್ನುವಂತಿಲ್ಲ. ಮಳೆಗಾಲದಲ್ಲಿ ಕೋಣೆ ಬೇಗ ತಣಿದು ಕಂಪ್ರೆಸರ್ ನಿಲ್ಲುತ್ತದೆ, ಅದರೊಂದಿಗೆ ನೀರು ತೆಗೆಯುವ ಕೆಲಸವೂ ನಿಲ್ಲುತ್ತದೆ. ಏರ್ ಕಂಡೀಷನರ್ ಇಲ್ಲದ ಮನೆಯಲ್ಲಿ ಫ್ಯಾನು ಉಪಯುಕ್ತವೇ ಹೌದು, ಆದರೆ ಅದು ಒಳಗಾಳಿಯನ್ನು ಹೊರಗಾಳಿಗಿಂತ ಒಣಗಿಸಲಾರದು.

ಹಾಗೆಂದು ಏನೂ ಬೇಡವೆಂದಲ್ಲ. ಸ್ನಾನದ ಮನೆ, ಅಡುಗೆಮನೆಗಳ ಹಬೆಯು ಮಳೆಗಾಲದ ಹೊರಗಾಳಿಗಿಂತಲೂ ತೇವವುಳ್ಳದ್ದು. ಅದನ್ನು ಹುಟ್ಟಿದಲ್ಲೇ ಹಿಡಿದು ಹೊರಹಾಕುವುದು ಎಲ್ಲ ಋತುವಿನಲ್ಲೂ ಲಾಭಕರ. ಮೇಲಿನ ಮಾನಕವೇ ಬೇಕಾದಾಗ ಮಾತ್ರ ಓಡಿಸುವ ಫ್ಯಾನಿಗೆ ಸ್ನಾನದ ಮನೆಯಲ್ಲಿ ನಿಮಿಷಕ್ಕೆ 50, ಅಡುಗೆಯ ಒಲೆಯ ಮೇಲಿನ ಹುಡ್ಡಿಗೆ 100 ಘನ ಅಡಿಯ ಪ್ರಮಾಣವನ್ನು ಹೇಳುತ್ತದೆ. ಆದರೆ ಫ್ಯಾನಿನ ಪೆಟ್ಟಿಗೆಯ ಮೇಲೆ ಮುದ್ರಿಸಿದ ಅಂಕಿಯು ಎದುರೊತ್ತಡವಿಲ್ಲದೆ ತಿರುಗಿದಾಗಿನದು. ಎರಡು ತಿರುವಿನ ಪೈಪು, ಸೊಳ್ಳೆಜಾಲರಿ, ಮಳೆಗೂಡು ಸೇರಿದ ಮೇಲೆ ಗಾಳಿ ಎಷ್ಟೋ ಕಡಿಮೆಯಾಗುತ್ತದೆ. ಮೇಲ್ಭಾಗ ಮುಚ್ಚಿದ ಕಿರಿದಾದ ಶಾಫ್ಟಿಗೆ ಬಿಟ್ಟರಂತೂ ಕೆಳಮನೆಯ ಹಬೆ ಮೇಲ್ಮನೆಗೆ. ಮಾರುವಾಗ ನಾವು ಇದನ್ನು ಗ್ರಾಹಕರಿಗೆ ಹೇಳುತ್ತೇವೆಯೇ?

ಆದುದರಿಂದ ನಮ್ಮ ಮಂಡಳಿಯು ಸ್ಥಳೀಯ ಸಂಸ್ಥೆಗಳ ಮುಂದಿಡಬೇಕಾದ ಬೇಡಿಕೆ ಇಷ್ಟು: ಪ್ರತಿ ಹೊಸ ಮನೆಯ ಸ್ನಾನ ಮತ್ತು ಅಡುಗೆಯ ಕೋಣೆಗಳಿಗೆ ಬಯಲಿಗೇ ತೆರೆಯುವ ಫ್ಯಾನು; ಅದರ ಗಾಳಿಯ ಪ್ರಮಾಣವನ್ನು ಅಳವಡಿಸಿದ ಮೇಲೆ ಸ್ಥಳದಲ್ಲಿಯೇ ಅಳೆಯುವುದು; ಇಡೀ ಮನೆಗೆ ಸದಾ ಹೊರಗಾಳಿ ತರುವ ವ್ಯವಸ್ಥೆಯನ್ನು ಏರ್ ಕಂಡೀಷನರ್ ಇರುವ ಮನೆಗೆ ತೇವ ತೆಗೆಯುವ ಯಂತ್ರವಿಲ್ಲದೆ ಹೇರದಿರುವುದು. ಹಿಮ್ಮುಖ ಗಾಳಿ ತಡೆಯುವ ಪಡಕ, ತುಕ್ಕು ಹಿಡಿಯದ ಮಳೆಗೂಡು, ನುಣುಪಾದ ಗಿಡ್ಡ ಪೈಪುಗಳನ್ನು ನಮ್ಮ ಸಣ್ಣ ಘಟಕಗಳೇ ತಯಾರಿಸಬಲ್ಲವು. ಗಾಳಿಯ ವೇಗ ಅಳೆಯುವ ಉಪಕರಣವೊಂದನ್ನು ಮಂಡಳಿಯೇ ಕೊಂಡು ಸದಸ್ಯರಿಗೆ ಬಾಡಿಗೆಗೆ ಕೊಟ್ಟರೆ ಬರುವ ಮಳೆಗಾಲದೊಳಗೆ ಕೆಲಸ ಆರಂಭಿಸಬಹುದು.