ಸಹಿ ಮಾಡೋಕಿಂತ ಮೊದಲ ಒಬ್ಬ ವಕೀಲರನ್ನ ಕೇಳ್ರಿ

"ಕೋರ್ಟಿನ್ಯಾಗ ಗೆದ್ದವ ಸೋತ, ಸೋತವ ಸತ್ತ" ಅನ್ನೋ ಗಾದಿ ಮಾತು ಕೇಳದವ್ರು ನಮ್ಮ ಪೈಕಿ ಯಾರೂ ಇರಲಿಕ್ಕಿಲ್ಲ. ವಕೀಲರ ಹೆಸರು ಎತ್ತಿದ್ರ ಸಾಕು, ಮನ್ಯಾಗ ಹಿರೇರು ಇದನ್ನ ಹೇಳಿ ಬಾಯಿ ಮುಚ್ಚಸ್ತಾರ. ಗಾದಿ ಸುಳ್ಳಲ್ಲ. ತಾರೀಖಿನ ಮ್ಯಾಲೆ ತಾರೀಖು ಅಂತ ಅಡ್ಡಾಡಿ ಚಪ್ಪಲಿ ಸವೆಸಿದವ್ರನ್ನ ನಾವೂ ನೋಡೇವಿ. ಆದ್ರ ಅದು ಕೋರ್ಟಿಗೆ ಹೋಗೋದರ ಬಗ್ಗೆ ಇರೋ ಮಾತು, ವಕೀಲರನ್ನ ಕೇಳೋದರ ಬಗ್ಗೆ ಅಲ್ಲ. ಛಲೋ ವಕೀಲರನ್ನ ಮೊದಲ ಕೇಳಿದ್ರ ಎಷ್ಟೋ ಸಲ ಕೋರ್ಟಿನ ಮೆಟ್ಟಲು ಹತ್ತೋ ಪ್ರಸಂಗನ ಬರೋದಿಲ್ಲ.

ನಾವು ಹೆಣ್ಣಮಕ್ಕಳು ಒಂದು ಸೀರಿ ತೊಗೊಳ್ಳೋ ಮುಂದ ನಾಕು ಅಂಗಡಿ ತಿರಗತೇವಿ. ಸೆರಗು ಹರವಿ, ಬೆಳಕಿಗೆ ಹಿಡದು, ಬಣ್ಣ ಬಿಡತದೇನು ಅಂತ ಕೇಳಿ ತೊಗೋತೇವಿ. ಅದ ತವರುಮನಿಯಿಂದ ಒಂದು ಕಾಗದ ಬಂತಂದ್ರ? ಅಪ್ಪ ತೀರಿಕೊಂಡ ವರ್ಷೊಪ್ಪತ್ತಿನ್ಯಾಗ, ಇಲ್ಲಾಂದ್ರ ಪಂಚಮಿಗೆ ಹೋದಾಗ, "ಸುಮ್ನ ಒಂದು ಸಹಿ, ಉತಾರದಾಗ ಹೆಸರು ಹಚ್ಚಸಬೇಕು" ಅಂತಾರ. ನಾವು ಓದದನ ಸಹಿ ಮಾಡಿ, ಉಂಡಿ ತಿಂದು, ಉಡಿ ತುಂಬಿಸಿಕೊಂಡು ಬರತೇವಿ. ಅದು ಹೆಸರು ಹಚ್ಚೋ ಅರ್ಜಿ ಅದನೋ, ಹಕ್ಕು ಬಿಟ್ಟುಕೊಡೋ ಪತ್ರ ಅದನೋ ಅನ್ನೋದು ಗೊತ್ತಾಗೋದು ಎಷ್ಟೋ ವರ್ಷದ ಮ್ಯಾಲೆ.

ನಾನು ಅಣ್ಣ ತಮ್ಮಂದಿರ ವಿರುದ್ಧ ಹೇಳ್ತಿಲ್ರಿ. ತವರು ತಣ್ಣಗಿರಲಿ ಅಂತ ತಮ್ಮ ಪಾಲು ಬಿಟ್ಟುಕೊಡೋ ಅಕ್ಕಂದಿರು ಭಾಳ ಮಂದಿ ಇದ್ದಾರ, ಅದು ಅವರ ದೊಡ್ಡ ಮನಸ್ಸು. ಆದ್ರ ತನ್ನ ಪಾಲು ಎಷ್ಟು ಅಂತ ಗೊತ್ತಿದ್ದು ಬಿಟ್ಟುಕೊಟ್ರ ಅದು ಕೊಟ್ಟಂಗ. ಗೊತ್ತಿಲ್ಲದ ಸಹಿ ಮಾಡಿದ್ರ ಅದು ಕಳಕೊಂಡಂಗ.

ಕೇಳಬೇಕಾದ್ದು ಯಾರನ್ನ ಅನ್ನೋದ ಇಲ್ಲಿ ಮುಖ್ಯ. ನಾವು ಕೇಳೋದು ಬಾಂಡ್ ಬರಿಯೋವ್ರನ್ನ, ಇಲ್ಲಾ ಮನಿಯವರ ಆಫೀಸಿನ್ಯಾಗಿನ "ಎಲ್ಲಾ ಗೊತ್ತಿದ್ದ" ಒಬ್ಬರನ್ನ. ಅವರ ಮನಸ್ಸು ಒಳ್ಳೇದ ಇರಬಹುದು, ಆದ್ರ ಕಾಯ್ದೆ ಬದಲಾಗಿರತದ. ಒಂದು ಉದಾಹರಣೆ ನೋಡ್ರಿ. ಕರ್ನಾಟಕದಾಗ 1994 ರ ಜುಲೈ 30 ರಿಂದ ಹೆಣ್ಣಮಕ್ಕಳಿಗೆ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯೊಳಗ ಗಂಡುಮಕ್ಕಳಂಗ ಹಕ್ಕು ಬಂತು. ಆದ್ರ ಅದಕ್ಕಿಂತ ಮೊದಲ ಲಗ್ನ ಆದವ್ರನ್ನ ಆ ಕಾಯ್ದೆ ಹೊರಗ ಇಟ್ಟಿತ್ತು. ಮುಂದ 2005 ರ ಸೆಪ್ಟೆಂಬರ್ 9 ರಿಂದ ಕೇಂದ್ರದ ತಿದ್ದುಪಡಿ ಬಂದು, ಲಗ್ನ ಆದವ್ರು ಆಗದವ್ರು ಅನ್ನೋ ಭೇದನ ತೆಗದು ಹಾಕ್ತು. ಆವತ್ತು ಅಪ್ಪ ಜೀವಂತ ಇರಲೇಬೇಕು ಅಂತೇನಿಲ್ಲ, ಮಗಳ ಹಕ್ಕು ಹುಟ್ಟಿನಿಂದನ ಬರತದ ಅಂತ 2020 ರ ಆಗಸ್ಟ್ 11 ಕ್ಕ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಾಗ ಹೇಳಿತು. ಇಷ್ಟೆಲ್ಲಾ ಆದ್ರೂ ಇವತ್ತಿಗೂ "ನಿಮ್ಮ ಲಗ್ನ ತೊಂಬತ್ತನಾಕಕ್ಕಿಂತ ಮೊದಲ ಆಗೇದ, ನಿಮಗ ಏನೂ ಬರೋದಿಲ್ಲ" ಅಂತ ಹೇಳಿ ಕಳಸೋವ್ರು ಇದ್ದಾರ. ಆ ಹಳೇ ಮಾತು ನಂಬಿದ ಮೌಶಿಗೆ ಹೋದ ಪಾಲು ಯಾರು ತಂದುಕೊಡಬೇಕು?

ಇದರ ಇನ್ನೊಂದು ಬದಿನೂ ಅದ. 2004 ರ ಡಿಸೆಂಬರ್ 20 ಕ್ಕಿಂತ ಮೊದಲ ಕಾಯ್ದೇಶೀರ ವಾಟಣಿ ಆಗಿದ್ರ ಅದನ್ನ ಈ ತಿದ್ದುಪಡಿ ಮುಟ್ಟೋದಿಲ್ಲ. ಅಪ್ಪ ತಾನ ದುಡದು ಮಾಡಿದ ಆಸ್ತಿ ಇದ್ರ, ಮೃತ್ಯುಪತ್ರ ಬರದು ಯಾರಿಗೆ ಬೇಕಾದ್ರೂ ಕೊಡಬಹುದು. ಮೃತ್ಯುಪತ್ರ ಇಲ್ಲದ ತೀರಿಕೊಂಡ್ರ ಹೆಂಡತಿ, ಗಂಡುಮಕ್ಕಳು, ಹೆಣ್ಣಮಕ್ಕಳು, ತಾಯಿ ಎಲ್ಲಾರಿಗೂ ಸಮಪಾಲು. ಹಂಗಂದ್ರ "ನಿಮ್ಮ ಕೇಸಿನ್ಯಾಗ ಹುರುಳಿಲ್ಲ, ಸುಮ್ನ ರೊಕ್ಕ ಕಳಕೋಬ್ಯಾಡ್ರಿ" ಅಂತ ಹೇಳೋ ವಕೀಲರೂ ಛಲೋ ವಕೀಲರ. ನನ್ನ ಪ್ರಕಾರ ಅವರ ಫೀ ಎಲ್ಲಾರ ಫೀಕಿಂತ ವಸೂಲಾದ ಫೀ.

ನಮ್ಮ ಓಣ್ಯಾಗಿನ ಒಬ್ಬ ಮಾಮಿ ತಮ್ಮ ಮನಿ ಮಗನ ಹೆಸರಿಗೆ ದಾನಪತ್ರ ಮಾಡಿಕೊಟ್ರು. ಖರ್ಚು ಬ್ಯಾಡ ಅಂತ ವಕೀಲರ ಕಡೆ ಹೋಗಲಿಲ್ಲ, ಹಳೇ ನಮೂನಿ ನೋಡಿ ಬರಸಿದ್ರು. "ಪ್ರೀತಿ ವಿಶ್ವಾಸದಿಂದ ಕೊಟ್ಟಿರುತ್ತೇನೆ" ಅಂತಷ್ಟ ಅದರಾಗ ಇತ್ತು. ಈಗ ಅವರಿಗೆ ಆ ಮನ್ಯಾಗ ಒಂದು ಖೋಲಿನೂ ಇಲ್ಲ. 2007 ರ ಹಿರಿಯ ನಾಗರಿಕರ ಕಾಯ್ದೆಯ 23 ನೇ ಕಲಮಿನ ಪ್ರಕಾರ, ನೋಡಿಕೋಬೇಕು ಅನ್ನೋ ಷರತ್ತಿನ ಮ್ಯಾಲೆ ಕೊಟ್ಟ ಆಸ್ತಿ, ನೋಡಿಕೊಳ್ಳದಿದ್ರ ರದ್ದು ಮಾಡಸಬಹುದು. ಆದ್ರ ಆ ಷರತ್ತು ಇರಬೇಕು ಅಂತ 2022 ರಾಗ ಸುಪ್ರೀಂ ಕೋರ್ಟು ಹೇಳೇದ. 2025 ರಾಗ ಇನ್ನೊಂದು ಪ್ರಕರಣದಾಗ ಅದ ಕೋರ್ಟು ತಾಯಿ ಪರವಾಗಿ ಕಾಯ್ದೆನ್ನ ಉದಾರವಾಗಿ ನೋಡ್ತು ಖರೆ. ಹಂಗಂತ ಆ ಉದಾರತನ ನಂಬಿಕೊಂಡು ಕಾಗದ ಬರಸಲಿಕ್ಕೆ ಆಗತದೇನು? "ನನ್ನ ಜೀವ ಇರೋ ತನಕ ಊಟ, ಔಷಧ, ಇರಲಿಕ್ಕೆ ಜಾಗಾ ಕೊಡಬೇಕು" ಅನ್ನೋ ಒಂದು ಸಾಲು ಆವತ್ತು ಬಿದ್ದಿದ್ರ ಇವತ್ತು ಮಾಮಿ ಎ.ಸಿ. ಕಚೇರಿಗೆ ಅಡ್ಡಾಡೋದು ಇಷ್ಟು ಕಠಿಣ ಆಗತಿರಲಿಲ್ಲ. ವಕೀಲರಿಗೆ ಕೊಡೋ ರೊಕ್ಕ ಆ ಒಂದು ಸಾಲಿಗೆ.

ಹಂಗಾದ್ರ ಛಲೋ ವಕೀಲರನ್ನ ಗುರತಿಸೋದು ಹೆಂಗ? ನಮ್ಮ ದೇಶದಾಗ ವಕೀಲರು ಜಾಹೀರಾತು ಕೊಡೋ ಹಂಗಿಲ್ಲ. ಹಿಂಗಾಗಿ ದೊಡ್ಡ ಬೋರ್ಡು, ಮೊಬೈಲಿಗೆ ಬರೋ ಮೆಸೇಜು ನೋಡಿ ಹೋಗಬ್ಯಾಡ್ರಿ. ಅಂಥಾದ್ದ ಕೆಲಸ ಮಾಡಿಸಿಕೊಂಡವ್ರನ್ನ ಕೇಳಿ ಹೋಗ್ರಿ. ಆಸ್ತಿ ಕೆಲಸಕ್ಕ ಆಸ್ತಿ ಕೇಸು ನಡಸೋವ್ರನ್ನ ನೋಡ್ರಿ, ಕಣ್ಣಿಗೆ ಕಣ್ಣಿನ ಡಾಕ್ಟರ ಬೇಕಲ್ಲ ಹಂಗ. ಛಲೋ ವಕೀಲರು ನೀವು ಹೇಳೋದು ಪೂರಾ ಕೇಳ್ತಾರ, ಕಾಗದ ನೋಡದ ಮಾತಾಡೋದಿಲ್ಲ. ಉತಾರ ತರ್ರಿ, ಇ.ಸಿ. ತೆಗಸ್ರಿ, ವಂಶಾವಳಿ ಬರದು ತರ್ರಿ ಅಂತಾರ. "ನೂರಕ್ಕ ನೂರು ಗೆಲ್ಲಿಸಿ ಕೊಡತೇನಿ" ಅಂತ ಎಂದೂ ಹೇಳೋದಿಲ್ಲ. "ಗೆದ್ದ ಮ್ಯಾಲೆ ಆಸ್ತಿಯೊಳಗ ನನಗಿಷ್ಟು ಪಾಲು" ಅಂತ ಯಾರರ ಅಂದ್ರ ಅಲ್ಲಿಂದ ಎದ್ದು ಬರ್ರಿ, ವಕೀಲರ ಪರಿಷತ್ತಿನ ನಿಯಮದ ಪ್ರಕಾರ ಹಂಗ ಕೇಳೋದು ತಪ್ಪು.

ಅಣ್ಣ ಕರಕೊಂಡು ಬಂದ ವಕೀಲರು ಅಣ್ಣನ ವಕೀಲರು, ಇದನ್ನ ಮರೀಬ್ಯಾಡ್ರಿ. ಅವರು ಎಷ್ಟ ಸಜ್ಜನರಿದ್ರೂ ನಿಮ್ಮ ಕಾಗದ ನಿಮ್ಮವ್ರು ಬ್ಯಾರೆ ನೋಡಬೇಕು. ನಿಮ್ಮ ವಕೀಲರ ಮುಂದ ಏನೂ ಮುಚ್ಚಿಡಬ್ಯಾಡ್ರಿ, ಹೇಳಿದ ಗುಟ್ಟು ಕಾಯೋದು ಅವರಿಗೆ ಕಾಯ್ದೆಯಿಂದ ಬಂದ ಕರ್ತವ್ಯ. ಮೂಲ ಕಾಗದ ನಿಮ್ಮ ಕಡೆನ ಇಟಗೊಂಡು ಝೆರಾಕ್ಸ್ ಕೊಡ್ರಿ, ಮೂಲ ಕೊಡಲೇಬೇಕಾದ್ರ ಬರಸಿಕೊಂಡು ಕೊಡ್ರಿ. ಖಾಲಿ ಕಾಗದಕ್ಕ ಸಹಿ ಯಾರಿಗೂ ಬ್ಯಾಡ. ಫೀ ಎಷ್ಟು, ಯಾವಾಗ, ಅದರಾಗ ಏನೇನು ಸೇರೇದ ಅಂತ ಮೊದಲ ಕೇಳ್ರಿ, ನಾಚಿಕಿ ಪಡೋದೇನಿಲ್ಲ. ಕೇಸು ಹಾಕಿದ ಮ್ಯಾಲೆ ಅದರ 16 ಅಂಕಿಯ ಸಿ.ಎನ್.ಆರ್. ನಂಬರ ತೊಗೊಳ್ರಿ. ಇ-ಕೋರ್ಟ್ಸ್ ಆ್ಯಪಿನ್ಯಾಗ ಅದನ್ನ ಹಾಕಿದ್ರ ಮುಂದಿನ ತಾರೀಖು ಯಾವಾಗ, ಹಿಂದಿನ ತಾರೀಖಿಗೆ ಏನಾತು ಅಂತ ಮನ್ಯಾಗ ಕೂತು ನೋಡಬಹುದು.

"ಫೀಗೆ ರೊಕ್ಕ ಎಲ್ಲಿಂದ ತರೋದು?" ಅಂತ ಕೇಳೋವ್ರಿಗೆ ಈ ಮಾತು. 1987 ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12 ನೇ ಕಲಮಿನ್ಯಾಗ ಹೆಣ್ಣಮಕ್ಕಳಿಗೆ ಉಚಿತ ಕಾನೂನು ನೆರವು ಅದ, ಅದಕ್ಕ ಆದಾಯದ ಮಿತಿ ಇಲ್ಲ. ಮನಿಯವರ ಪಗಾರ ಎಷ್ಟು ಅಂತ ಯಾರೂ ಕೇಳೋ ಹಂಗಿಲ್ಲ. ಜಿಲ್ಲಾ ಕೋರ್ಟಿನ ಆವಾರದಾಗನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರತದ, ತಾಲೂಕಿಗೊಂದು ಸಮಿತಿನೂ ಇರತದ. 15100 ಕ್ಕ ಫೋನ್ ಹಚ್ಚಿದ್ರೂ ದಾರಿ ತೋರಸ್ತಾರ. ಪುಕ್ಕಟೆ ಅಂದ್ರ ಹಗುರ ಅಂತ ತಿಳಕೋಬ್ಯಾಡ್ರಿ, ಅಲ್ಲೂ ಇದ ಪ್ರಶ್ನೆಗಳನ್ನ ಕೇಳ್ರಿ. ಲೋಕ ಅದಾಲತ್ತಿನ್ಯಾಗ ರಾಜಿ ಮಾಡಿಕೊಳ್ಳೋದು ಭಾಳ ಛಲೋ, ಕೋರ್ಟಿಗೆ ಕಟ್ಟಿದ ಶುಲ್ಕನೂ ವಾಪಸ್ ಬರತದ. ಆದ್ರ ಅಲ್ಲಿ ಆದ ತೀರ್ಮಾನದ ಮ್ಯಾಲೆ ಅಪೀಲು ಇಲ್ಲ. ಅಲ್ಲಿ ಸಹಿ ಮಾಡೋ ಮುಂದಂತೂ ಎರಡು ಸಲ ಓದ್ರಿ.

ಕಡೀಕ, ಒಂದು ವ್ಯಾಳ್ಯಾದ ಮಾತು. ಮೋಸದಿಂದ ಸಹಿ ತೊಗೊಂಡಾರ ಅಂತ ನೋಂದಣಿ ಆದ ಪತ್ರ ರದ್ದು ಮಾಡಸಬೇಕಂದ್ರ, ಅದು ಗೊತ್ತಾದಾಗಿನಿಂದ ಸಾಮಾನ್ಯವಾಗಿ ಮೂರು ವರ್ಷದೊಳಗ ದಾವೆ ಹಾಕಬೇಕು. "ನೋಡೋಣ, ದೇವರಿದ್ದಾನ" ಅಂತ ಕೂತ್ರ ಆ ಮೂರು ವರ್ಷ ಕಣ್ಣ ಮುಚ್ಚಿ ತೆಗಿಯೋದರಾಗ ಹೋಗತಾವ.

ಅದಕ್ಕ ವೈನಿ, ಅಕ್ಕ, ಮೌಶಿ, ಎಲ್ಲಾರಿಗೂ ನನ್ನ ಮಾತು ಇಷ್ಟ. ಮುಂದಿನ ಸಲ ಯಾರರ ಕಾಗದ ಮುಂದ ಇಟ್ಟು ಪೆನ್ನು ಕೊಟ್ರ, ಜಗಳಾನೂ ಬ್ಯಾಡ, ಕಣ್ಣೀರೂ ಬ್ಯಾಡ. "ಒಂದು ಪ್ರತಿ ಕೊಡ್ರಿ, ನಮ್ಮ ವಕೀಲರಿಗೆ ತೋರಿಸಿ ಎಂಟು ದಿನದಾಗ ಹೇಳತೇನಿ" ಅನ್ರಿ. ನ್ಯಾಯವಾಗಿ ಕೇಳೋವ್ರು ಯಾರೂ ಎಂಟು ದಿನಕ್ಕ ಸಿಟ್ಟಾಗೋದಿಲ್ಲ. ಸಿಟ್ಟಾದ್ರಂದ್ರ, ವಕೀಲರನ್ನ ಕೇಳಲಿಕ್ಕೇ ಬೇಕು ಅಂತ ತಿಳಕೊಳ್ರಿ.