‘ಇದ್ದರೆ’ ಬೇರೆ, ‘ಇದ್ದದ್ದರಿಂದ’ ಬೇರೆ

ಪುಣೆ ಜಿಲ್ಲೆಯ ತಳೇಗಾಂವ ದಾಭಾಡೆಗೆ ಕಾರ್ಖಾನೆ ಹೊಸದಲ್ಲ. ಜನರಿಂದ ಪೈಸೆ ಪೈಸೆ ಕೂಡಿಸಿದ ಪೈಸಾ ಫಂಡ್‌ನ ಗಾಜಿನ ಕಾರ್ಖಾನೆ ಅಲ್ಲಿ ಶುರುವಾದದ್ದು 1908ರಲ್ಲಿ. ಈಗ ಊರಾಚೆಯ ಎಂಐಡಿಸಿಯಲ್ಲಿ ಬೇರಿಂಗ್, ವಾಹನ, ಭಾರಿ ಯಂತ್ರಗಳ ಕಾರ್ಖಾನೆಗಳು ಬಂದಿವೆ. ಮಾಲು ಯಾಕೆ ಕೆಟ್ಟಿತು ಎಂದು ಹಿಂದೆ ಭಟ್ಟಿಯ ಮುಂದೆ ನಿಂತವನನ್ನು ಕೇಳಬೇಕಿತ್ತು. ಇಂಥ ಕಾರ್ಖಾನೆಗಳ ಕಾಲದಲ್ಲಿ ಸಾಫ್ಟ್‌ವೇರನ್ನು ಕೇಳುವುದು ಸುಲಭ.

ಸಾಫ್ಟ್‌ವೇರ್ ಉತ್ತರವಾಗಿ ಒಂದು ಮರ ಬರೆದುಕೊಡುತ್ತದೆ. ಇದೇ ಡಿಸಿಷನ್ ಟ್ರೀ. ಬ್ರೈಮನ್ ಮತ್ತು ಮೂವರು ಸಂಗಡಿಗರು 1984ರಲ್ಲಿ ‘ಕಾರ್ಟ್’ ಹೆಸರಿನಲ್ಲಿ ಪುಸ್ತಕವಾಗಿಸಿದ ಈ ವಿಧಾನ ಇಂದು ಆರ್‌ನಲ್ಲೂ ಇದೆ, ಮಿನಿಟ್ಯಾಬ್‌ನಲ್ಲೂ ಇದೆ. ದತ್ತಾಂಶವನ್ನು ಒಂದೊಂದೇ ಪ್ರಶ್ನೆಯಿಂದ ಎರಡಾಗಿ ಸೀಳುತ್ತ ಹೋಗುವುದು ಅದರ ಕೆಲಸ. ಯಾರು ಬೇಕಾದರೂ ಓದಬಹುದು ಎಂಬುದು ಅದರ ಹೆಗ್ಗಳಿಕೆ. ಅಪಾಯ ಇರುವುದೂ ಅಲ್ಲೇ.

ಹೀಗೆಂದುಕೊಳ್ಳಿ: ಮರದ ಮೊದಲ ಕವಲು ‘ರಾತ್ರಿ ಪಾಳಿ ಇದ್ದರೆ, ರಿಜೆಕ್ಷನ್ ಹೆಚ್ಚು’ ಎನ್ನುತ್ತದೆ. ಬೆಳಗಿನ ಮೀಟಿಂಗಿನಲ್ಲಿ ಅದು ‘ರಾತ್ರಿ ಪಾಳಿ ಇದ್ದದ್ದರಿಂದ’ ಎಂದಾಗುತ್ತದೆ. ಕನ್ನಡದಲ್ಲಿ ಇವೆರಡೂ ಬೇರೆ ಮಾತುಗಳು. ಒಂದು ಷರತ್ತು, ಇನ್ನೊಂದು ಕಾರಣ. ಮರಕ್ಕೆ ಗೊತ್ತಿರುವುದು ಷರತ್ತು ಮಾತ್ರ. ಹೊಸ ಲಾಟಿನ ಉಕ್ಕು ಯಂತ್ರಕ್ಕೆ ಏರುವುದು ರಾತ್ರಿಯಲ್ಲೇ ಎಂಬುದನ್ನು ಯಾರೂ ಬರೆದಿಡದಿದ್ದರೆ, ಇಲ್ಲದ ಕಾಲಮ್ಮಿನ ಮೇಲೆ ಮರ ಸೀಳಲಾರದು. ಆಗ ತಪ್ಪು ಆಪರೇಟರನ ತಲೆಗೆ. ಗುತ್ತಿಗೆಯವನಾದರೆ ಹೊಟ್ಟೆಯ ಮೇಲೇ ಪೆಟ್ಟು.

ಇನ್ನು ‘ನಮ್ಮ ಮಾಡೆಲ್ 93% ಸರಿ’ ಎಂಬ ಜಂಬ. ಸೆಕಾಂ ಎಂಬ, ಸೆಮಿಕಂಡಕ್ಟರ್ ತಯಾರಿಕೆಯ ಸಾರ್ವಜನಿಕ ದತ್ತಾಂಶದಲ್ಲಿ 1567 ದಾಖಲೆಗಳಿವೆ, ಕೆಟ್ಟವು 104. ‘ಎಲ್ಲವೂ ಒಳ್ಳೆಯವೇ’ ಎಂದು ಕಣ್ಣು ಮುಚ್ಚಿ ಹೇಳಿದರೂ 93% ಸರಿಯಾಗುತ್ತದೆ. ಹಿಡಿದ ದೋಷ ಮಾತ್ರ ಸೊನ್ನೆ.

ದತ್ತಾಂಶ ಕೊಂಚ ಬದಲಾದರೆ ಮರದ ಆಕಾರವೇ ಬದಲಾಗಬಹುದು. ಇದು ವಿರೋಧಿಗಳ ಆರೋಪವಲ್ಲ. ಈ ಅಸ್ಥಿರತೆಯನ್ನು ಬ್ರೈಮನ್ನರೇ ಎತ್ತಿ ತೋರಿಸಿದರು. ಅದನ್ನು ತಗ್ಗಿಸಲು ಹಲವು ಮರಗಳನ್ನು ಒಟ್ಟುಗೂಡಿಸುವ ದಾರಿ ಹಿಡಿದು, 2001ರಲ್ಲಿ ‘ರ‍್ಯಾಂಡಮ್ ಫಾರೆಸ್ಟ್’ ಕೊಟ್ಟರು. ಆದರೆ ಮೀಟಿಂಗಿಗೆ ಕಾಡು ಬೇಡ, ಸ್ಲೈಡಿನಲ್ಲಿ ಹಿಡಿಸುವ ಒಂದೇ ಮರ ಬೇಕು.

ಹಾಗಾದರೆ ಮರವನ್ನೇ ಕಡಿಯಬೇಕೆ? ಬೇಡ. ನೂರಾರು ಅಳತೆಗಳ ನಡುವೆ ಮೊದಲು ಎಲ್ಲಿ ಹುಡುಕಬೇಕೆಂದು ತೋರಿಸಲು ಅದಕ್ಕಿಂತ ಸರಳ ಸಾಧನ ಸಿಗುವುದು ಕಷ್ಟ. ಆದರೆ ಅದು ಕೊಡುವುದು ಅನುಮಾನ, ತೀರ್ಪಲ್ಲ. ಕವಲು ತೋರಿಸಿದ್ದನ್ನು ಯಂತ್ರದ ಮೇಲೆ ಬದಲಿಸಿ ನೋಡಬೇಕು: ಅದೇ ಉಕ್ಕು ಹಗಲಿಗೆ, ಅದೇ ಆಪರೇಟರ್ ಬೇರೆ ಲಾಟಿಗೆ. ಹಿಡಿಯದೆ ಬಿಟ್ಟ ದೋಷಗಳ ಲೆಕ್ಕವನ್ನೂ ಮರದ ಪಕ್ಕದಲ್ಲೇ ಬರೆಯಬೇಕು. ಎಲ್ಲಕ್ಕಿಂತ ಮೊದಲು ಮರವನ್ನು ಆ ಪಾಳಿಯವನ ಮುಂದಿಟ್ಟು, ‘ಇದರಲ್ಲಿ ಏನು ಬಿಟ್ಟುಹೋಗಿದೆ, ಹೇಳಿ’ ಎಂದು ಕೇಳಬೇಕು.

ಅಷ್ಟು ಕೇಳುವ ಪುರಸೊತ್ತಿಲ್ಲದ ಮ್ಯಾನೇಜರರಿಗೆ ಬೇಕಾಗಿರುವುದು ಕಾರಣವಲ್ಲ, ಹೊಣೆ ಹೊರಿಸಲು ಒಂದು ಹೆಸರು.